ಮೆಸ್ಸಿನ ಅಕ್ಕನ ತಟ್ಟೆ ಲೆಕ್ಕ

ಜೂನ್ 26, ಮಾದಕ ವಸ್ತು ವಿರೋಧಿ ದಿನ ಬಂತು ಅಂದರೆ ನಮ್ಮ ಕಾಲೇಜಿನ ಗೇಟಿಗೆ ಒಂದು ಬ್ಯಾನರ್ ಏರುತ್ತದೆ. ಅರ್ಧ ಮಲಯಾಳ, ಅರ್ಧ ಕನ್ನಡ. ಕಾಸರಗೋಡಿನ ಕಾಲೇಜು ನೋಡಿ, ಎಲ್ಲದಕ್ಕೂ ಎರಡೆರಡು ಬಾಯಿ. ಒಂದು ವರ್ಷ ಕನ್ನಡದ ಭಾಗದಲ್ಲಿ ‘ಲಹರಿ ವಿರುದ್ಧ ದಿನಾಚರಣೆ’ ಅಂತ ಅಚ್ಚಾಗಿತ್ತು. ಮಲಯಾಳದಲ್ಲಿ ಲಹರಿ ಅಂದರೆ ಅಮಲು. ಯಾರೋ ಲಿಪಿ ಮಾತ್ರ ಬದಲಿಸಿ ಪದವನ್ನು ಹಾಗೇ ಬಿಟ್ಟಿದ್ದರು. ನಮ್ಮ ಕನ್ನಡದ ಲಹರಿಯೇ ಬೇರೆ. ಅದು ಅಲೆ, ಮನಸ್ಸು ತನಗೆ ತೋಚಿದತ್ತ ಹರಿಯುವ ಖುಷಿ. ಕನ್ನಡ ಕ್ಲಾಸಿನ ಹುಡುಗನೊಬ್ಬ ಬ್ಯಾನರಿನ ಕೆಳಗೆ ನಿಂತು, "ಸರ್, ಇನ್ನು ಲಹರಿ ಬಂದರೂ ಕವಿತೆ ಬರೆಯುವ ಹಾಗಿಲ್ವಾ?" ಅಂದ. ಎಲ್ಲರೂ ನಕ್ಕೆವು. ಎದೆಯ ಮುಂದೆ ಕೈ ಚಾಚಿ ಪ್ರತಿಜ್ಞೆ ಹೇಳುವಾಗಲೂ ಆ ನಗು ಪೂರ್ತಿ ಮುಗಿದಿರಲಿಲ್ಲ.

ಆಮೇಲೆ ಯೋಚಿಸಿದರೆ ಅದು ಅಷ್ಟೊಂದು ನಗುವ ವಿಷಯ ಅಲ್ಲ. ಆ ದಿನ ಅಬಕಾರಿ ಇಲಾಖೆಯಿಂದ ಬಂದವರು ಒಂದು ಗಂಟೆ ಚೆನ್ನಾಗಿಯೇ ಮಾತಾಡಿದರು, ಮಲಯಾಳದಲ್ಲಿ. ಪೈವಳಿಕೆ, ಎಣ್ಮಕಜೆ, ಬೆಳ್ಳೂರು ಕಡೆಯ ಹುಡುಗರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ಅವರಿಗೆ ಮಲಯಾಳ ಬರುವುದಿಲ್ಲ ಅಂತಲ್ಲ. ಬಸ್ಸು, ಅಂಗಡಿ, ಆಸ್ಪತ್ರೆ ಎಲ್ಲ ಅದರಲ್ಲೇ ನಡೆಯುತ್ತದೆ. ಆದರೆ ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಮರಾಟಿ, ಕೊಂಕಣಿ ಏನೋ ಒಂದು. ಶಾಲೆಯಲ್ಲಿ ಕನ್ನಡ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮಲ್ಲಿ ಆಫೀಸಿನ ಮಾತು ಬೇರೆ, ಅಡುಗೆಮನೆಯ ಮಾತು ಬೇರೆ. ವೇದಿಕೆ ಸಿಕ್ಕರೆ ಇದನ್ನೇ ಸಪ್ತಭಾಷಾ ಸಂಗಮ ಭೂಮಿ ಅಂತ ಹೇಳಿಕೊಳ್ಳುತ್ತೇವೆ. ಇರಲಿ, ಹೆಮ್ಮೆಯ ಮಾತೇ. ಆದರೆ "ನನಗೆ ಇದನ್ನು ಬಿಡಲು ಆಗ್ತಾ ಇಲ್ಲ" ಅಂತ ಒಬ್ಬ ಹುಡುಗ ಯಾವ ಭಾಷೆಯಲ್ಲಿ ಹೇಳಬೇಕು? ಆಫೀಸಿನ ಭಾಷೆಯಲ್ಲಂತೂ ಬಾಯಿ ಬರುವುದಿಲ್ಲ.

ನಾನು ಕನ್ನಡ ಪಾಠ ಮಾಡುವವನು. ಕೆಲವು ವರ್ಷಗಳ ಹಿಂದೆ ಹುಡುಗರ ಹಾಸ್ಟೆಲಿನ ವಾರ್ಡನ್ ಕೆಲಸವೂ ತಲೆಗೆ ಬಿತ್ತು. ಯಾರಿಗೂ ಬೇಡವಾದ ಕೆಲಸ ಅದು. ನೀರಿನ ಮೋಟಾರು, ಕಳೆದುಹೋದ ಬಕೆಟು, ರಾತ್ರಿ ಗೇಟು ಹಾರಿದವರ ಪಟ್ಟಿ, ಇವಿಷ್ಟೇ ಅಂದುಕೊಂಡಿದ್ದೆ. ಅಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ಒಬ್ಬರು ಇದ್ದರು. ಕುಂಬಳೆ ಕಡೆಯವರು, ಮನೆಮಾತು ತುಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಹುಡುಗರಿಗೆಲ್ಲ ಅವರು ಬರೀ ‘ಅಕ್ಕ’. ರಾತ್ರಿ ಊಟ ಮುಗಿದ ಮೇಲೆ ಅವರದ್ದು ಒಂದು ಕ್ರಮ ಇತ್ತು. ಗೋಡೆಯ ಬದಿ ಜೋಡಿಸಿಟ್ಟ ಸ್ಟೀಲ್ ತಟ್ಟೆಗಳಲ್ಲಿ ಯಾರೂ ಮುಟ್ಟದೆ ಉಳಿದವನ್ನು ಎಣಿಸುವುದು. ಏಳು ಉಳಿದರೆ ಏಳೂ ಯಾರದ್ದು ಅಂತ ಅವರಿಗೆ ಗೊತ್ತು. ಊರಿಗೆ ಹೋದವರು ಮೂವರು, ಜ್ವರದವ ಒಬ್ಬ, ಬಸ್ ತಪ್ಪಿದವ ಒಬ್ಬ, ಇನ್ನೆರಡು? ಮರುದಿನ ಬೆಳಿಗ್ಗೆ ಆ ಇಬ್ಬರನ್ನು ಹಿಡಿದು ಕೇಳುತ್ತಿದ್ದರು, "ಒಣಸ್ ಆಂಡಾ ಮಗಾ?" ಅಂತ. ಊಟ ಆಯ್ತಾ ಅಂತ. ಬೆಳಿಗ್ಗೆ ಏಳೂವರೆಗೆ ಕೇಳುವ ಪ್ರಶ್ನೆಯಾ ಅದು! ಆದರೆ ಹುಡುಗರಿಗೆ ಅರ್ಥವಾಗುತ್ತಿತ್ತು.

ನಾನು ಇದನ್ನು ಅಕ್ಕಿ ಉಳಿಸುವ ಲೆಕ್ಕ ಅಂತಲೇ ತಿಳಿದಿದ್ದೆ.

ಓಣಂ ರಜೆಗೆ ಮೊದಲಿನ ದಿನ. ಬೆಳಿಗ್ಗೆ ಪೂಕಳಂ ಅನ್ನುವ ಹೂವಿನ ರಂಗೋಲಿ, ಹಗ್ಗಜಗ್ಗಾಟ, ಮಧ್ಯಾಹ್ನ ಬಾಳೆಲೆ ಊಟ. ಸಂಜೆಯ ಹೊತ್ತಿಗೆ ಹಾಸ್ಟೆಲಿನ ಅರ್ಧ ಖಾಲಿ. ರಾತ್ರಿ ಒಂಬತ್ತೂವರೆಗೆ ಅಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದರು.

"ಮಾಷ್ಟ್ರೇ, ನಾಲ್ಕು ತಟ್ಟೆ ಜಾಸ್ತಿ ಉಳಿದಿದೆ. ನಾಲ್ಕೂ ಒಂದೇ ರೂಮಿನದ್ದು."

"ಮಧ್ಯಾಹ್ನದ ಊಟವೇ ಹೊಟ್ಟೆಯಲ್ಲಿರಬೇಕು, ಬಿಡಿ ಅಕ್ಕ."

ಅವರು ಬಿಡಲಿಲ್ಲ. ನಾನು ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ ಅವರು ಮೇಲಿದ್ದರು. ಬಾಗಿಲ ಬಳಿ ಮೂವರು ಹುಡುಗರು ಮುಖ ಕೆಳಗೆ ಹಾಕಿ ಕೂತಿದ್ದರು. ನಾಲ್ಕನೆಯವ ಮಂಚದ ಮೇಲೆ ಅಂಗಾತ ಬಿದ್ದಿದ್ದ. ಗೊರಕೆ ಅಲ್ಲದ ಒಂದು ಗೊರಗೊರ ಸದ್ದು. ನಿಂಬೆ ನೀರು ಕುಡಿಸಿದ್ದರಂತೆ, ತಲೆಗೆ ತಣ್ಣೀರು ಹಾಕಿದ್ದರಂತೆ, ಮಲಗಿದರೆ ಇಳಿಯುತ್ತದೆ ಅಂತ ಬಿಟ್ಟಿದ್ದರಂತೆ. ಅಕ್ಕ ಒಂದು ಮಾತೂ ಆಡಲಿಲ್ಲ. ಅವನ ಹೆಗಲಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಮಗ್ಗುಲಿಗೆ ಹೊರಳಿಸಿದರು. ಮೇಲಿನ ಕಾಲನ್ನು ಮಡಚಿ ಮುಂದಕ್ಕಿಟ್ಟರು, ಉರುಳಿ ಹೋಗದ ಹಾಗೆ. ಹೊರಳಿಸಿದ್ದೇ ತಡ, ವಾಂತಿ ಬಂತು. ಅಂಗಾತ ಇದ್ದಿದ್ದರೆ ಅದು ಎಲ್ಲಿಗೆ ಹೋಗುತ್ತಿತ್ತು ಅಂತ ನನಗೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಶ್ವಾಸಕ್ಕೆ.

ಡಾಕ್ಟರು ಇನ್ನೂ ಕೆಲವು ಹೇಳಿದರು. ಕೊನೆಯ ಗುಟುಕಿನ ನಂತರವೂ ರಕ್ತದಲ್ಲಿ ಮದ್ಯದ ಮಟ್ಟ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದಂತೆ. ಹಾಗಾಗಿ ‘ನಿದ್ದೆ ಬಂತು, ಇನ್ನು ಭಯ ಇಲ್ಲ’ ಅನ್ನುವುದು ತಪ್ಪು. ಮದ್ಯವನ್ನು ಕರಗಿಸುವ ಯಕೃತ್ತು ತನ್ನ ಪಾಡಿಗೆ ನಿಧಾನವಾಗಿ ದುಡಿಯುತ್ತದೆ, ಒಂದು ಸಣ್ಣ ಪೆಗ್ಗಿಗೆ ಹೆಚ್ಚುಕಡಿಮೆ ಒಂದು ಗಂಟೆ. ನಿಂಬೆ ನೀರಾಗಲಿ, ಕಪ್ಪು ಕಾಫಿಯಾಗಲಿ, ತಣ್ಣೀರಾಗಲಿ ಅದನ್ನು ಅವಸರ ಮಾಡಿಸುವುದಿಲ್ಲ. ಕೂಗಿದರೂ ಎಚ್ಚರ ಆಗದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಯಾಗಿದ್ದರೆ 108ಕ್ಕೆ ಫೋನ್ ಮಾಡಬೇಕು. ಅಷ್ಟೆ. ಈ ನಾಲ್ಕು ಮಾತನ್ನು ನಮ್ಮ ಯಾವ ಜೂನ್ 26ರ ಭಾಷಣದಲ್ಲೂ ನಾನು ಕೇಳಿರಲಿಲ್ಲ.

ಹುಡುಗ ಬದುಕಿದ. ವಾಪಸು ಬರುವಾಗ ಆಟೋದಲ್ಲಿ ಅಕ್ಕನನ್ನು ಕೇಳಿದೆ, ನಿಮಗೆ ಇದೆಲ್ಲ ಹೇಗೆ ಗೊತ್ತು ಅಂತ. "ನನ್ನ ಗಂಡನನ್ನು ಹದಿನೆಂಟು ವರ್ಷ ಹೀಗೇ ತಿರುಗಿಸಿ ಮಲಗಿಸಿದ್ದೇನೆ ಮಾಷ್ಟ್ರೇ," ಅಂದರು. ಆಮೇಲೆ ಹೊರಗೆ ನೋಡುತ್ತಾ ಕೂತರು.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ಚೆನ್ನಾಗಿತ್ತು. ಆ ಮೂವರು ಗೆಳೆಯರು ಸುಮಾರು ಎರಡು ಗಂಟೆ ಸುಮ್ನೆ ಕೂತಿದ್ದರಲ್ಲ, ಯಾಕೆ? ಹೆದರಿಕೆ. ಗೊತ್ತಾದರೆ ಹಾಸ್ಟೆಲಿನಿಂದ ಹೊರಗೆ, ಮನೆಗೆ ಫೋನು. ಮುಂದಿನ ವಾರ ಶಿಸ್ತು ಸಮಿತಿ ಕೂತಿತು, ಅವರ ಹೆದರಿಕೆ ಸರಿ ಅಂತ ಸಾಬೀತು ಮಾಡಿತು. ನಾಲ್ವರಿಗೂ ಎರಡು ವಾರ ಸಸ್ಪೆನ್ಷನ್. ಅವರಲ್ಲಿ ಒಬ್ಬ ಕೊನೆಗೆ ಧೈರ್ಯ ಮಾಡಿ ನನಗೆ ಹೇಳಲು ಎದ್ದಿದ್ದನಂತೆ, ಅಷ್ಟರಲ್ಲಿ ಅಕ್ಕ ಬಂದರು. ಅವನಿಗೂ ಅದೇ ಶಿಕ್ಷೆ. ಕಾಗದದಲ್ಲಿ ನನ್ನ ಸಹಿಯೂ ಇದೆ. ‘ಮಾದರಿಯಾಗಬೇಕು’ ಅಂತ ಯಾರೋ ಹೇಳಿದರು, ನಾನು ತಲೆ ಆಡಿಸಿದೆ. ಮಾದರಿ ಆಯಿತು, ನಿಜ. ಇನ್ನು ಯಾರಿಗೆ ಏನಾದರೂ ವಾರ್ಡನ್‌ಗೆ ಹೇಳಬಾರದು ಅನ್ನುವ ಪಾಠ ಇಡೀ ಹಾಸ್ಟೆಲಿಗೆ ಬಾಯಿಪಾಠ ಆಯಿತು. ಕುಡಿದಿದ್ದ ಹುಡುಗ ಎರಡು ವಾರ ಕಳೆದರೂ ಬರಲಿಲ್ಲ. ತಿಂಗಳ ಕೊನೆಗೆ ಅವನ ಮಾವ ಬಂದು ಟಿ.ಸಿ. ತೆಗೆದುಕೊಂಡು ಹೋದರು. ಅಪ್ಪ ಯಾಕೆ ಬರಲಿಲ್ಲ ಅಂತ ಕೇಳಿದೆ. "ಅವರು ಬರುವ ಸ್ಥಿತಿಯಲ್ಲಿಲ್ಲ," ಅಂದರು. ಬೆಳಿಗ್ಗೆ ಹತ್ತು ಗಂಟೆಗೆ ಬರುವ ಸ್ಥಿತಿಯಲ್ಲಿಲ್ಲ ಅಂದರೆ ಏನು ಅಂತ ನನಗೆ ಆಗ ಹೊಳೆಯಿತು. ಎರಡು ವರ್ಷ ಅವನಿಗೆ ಪಾಠ ಮಾಡಿದ್ದೆ. ಒಂದು ದಿನವೂ ಮನೆಯ ಸುದ್ದಿ ಕೇಳಿರಲಿಲ್ಲ.

ಕುಡಿತದ ಬಗ್ಗೆ ನಮ್ಮೂರಲ್ಲಿ ಮಾತಾಡುವುದೇ ಒಂದು ತಂತಿ ಮೇಲಿನ ನಡಿಗೆ. ಇಲ್ಲಿ ಕೊರಗಜ್ಜನಿಗೆ ಕಳ್ಳು ಇಡುತ್ತೇವೆ. ಮುತ್ತಪ್ಪನ್ ತೆಯ್ಯಕ್ಕೂ ಕಳ್ಳೇ ನೈವೇದ್ಯ. ಮೂರ್ತೆ ಮಾಡಿ, ಅಂದರೆ ಕಳ್ಳು ಇಳಿಸಿ, ಮಕ್ಕಳನ್ನು ಓದಿಸಿದ ಅಪ್ಪಂದಿರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ಅವರ ಮುಂದೆ ನಿಂತು ‘ಕುಡಿತ ಪಾಪ’ ಅಂದರೆ ಅವರು ಮನಸ್ಸಿನಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. ನಿಮ್ಮಜ್ಜ ಕೆಟ್ಟವರು ಅಂದ ಹಾಗೆ ಆಗುತ್ತದೆ, ಅಲ್ವಾ? ಆದರೆ ‘ಮದ್ಯ ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು’ ಅಂದ ನಾರಾಯಣ ಗುರುಗಳು ಕಳ್ಳು ಇಳಿಸುವ ಸಮುದಾಯದ ಒಳಗಿನಿಂದಲೇ ಬಂದವರು. ಅವರ ಮಾತು ಜನರ ಕಿವಿಗೆ ಬಿದ್ದದ್ದು ಅದಕ್ಕೇ ಅಂತ ನನಗನಿಸುತ್ತದೆ. ಮರದ ಬುಡದಲ್ಲಿ ನಿಂತು ಹೇಳಿದ ಮಾತು ಅದು. ಜೀಪಿನಿಂದ ಇಳಿದು ಹೇಳಿದ್ದಲ್ಲ.

ಜೀಪಿನ ಬಗ್ಗೆಯೂ ನನಗೆ ತಕರಾರಿಲ್ಲ, ಅದರ ಕೆಲಸ ಅದಕ್ಕಿದೆ. ಗಡಿ ನಾಡಿನಲ್ಲಿ ಕಾನೂನು ಬಸ್ ಟಿಕೆಟಿನಷ್ಟೇ ಅಗ್ಗ. ಕೇರಳದಲ್ಲಿ 23 ವಯಸ್ಸು ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮಾರುವುದೂ ಸರ್ಕಾರದ ಅಂಗಡಿ, ಉದ್ದ ಸಾಲು. ಆದರೆ ತಲಪಾಡಿಯಲ್ಲೋ ಪೆರ್ಲದ ಆಚೆಗೋ ಗೆರೆ ದಾಟಿದರೆ ಕರ್ನಾಟಕದ ವೈನ್ ಶಾಪು. ಅಲ್ಲಿನ 180 ಎಂ.ಎಲ್.ನ ಕಾಗದದ ಪ್ಯಾಕೆಟ್ಟು ಪುಸ್ತಕದ ಬ್ಯಾಗಿನಲ್ಲಿ ಸದ್ದು ಮಾಡುವುದಿಲ್ಲ, ಒಡೆಯುವುದೂ ಇಲ್ಲ. ಆ ಓಣಂ ರಾತ್ರಿಯದ್ದೂ ಅದೇ. ಶಾಲೆ ಕಾಲೇಜಿನಿಂದ ನೂರು ಗಜದ ಒಳಗೆ ತಂಬಾಕು ಮಾರಬಾರದು ಅಂತ 2003ರ ಕಾನೂನು ಹೇಳುತ್ತದೆ. ನಮ್ಮ ಎದುರಿನ ಅಂಗಡಿಯವರು ಟೇಪು ಹಿಡಿದು ಅಳೆದಂತೆ ನೂರೊಂದನೇ ಗಜದಲ್ಲಿ ಕೂತಿದ್ದಾರೆ. ಇದಕ್ಕೆ ಸಿಟ್ಟು ಮಾಡಬೇಕೋ ಮೆಚ್ಚಬೇಕೋ ಗೊತ್ತಾಗುವುದಿಲ್ಲ.

ಈಚೆಗೆ ಹೆದರಿಕೆ ಬೇರೆ ಕಡೆ ತಿರುಗಿದೆ. 2025ರ ಮಾರ್ಚಿನಲ್ಲಿ ಕೊಚ್ಚಿ ಹತ್ತಿರದ ಕಳಮಶ್ಶೇರಿಯ ಪಾಲಿಟೆಕ್ನಿಕ್ ಹಾಸ್ಟೆಲಿನಲ್ಲಿ ಸುಮಾರು ಎರಡು ಕೆ.ಜಿ. ಗಾಂಜಾ ಸಿಕ್ಕಿತಲ್ಲ, ಆ ವಾರ ನನಗೆ ಬಂದ ಫೋನುಗಳಿಗೆ ಲೆಕ್ಕ ಇಲ್ಲ. "ನಮ್ಮ ಹುಡುಗನ ಬ್ಯಾಗು ನೋಡಿ ಸರ್." ನೋಡಬಹುದು. ಆದರೆ ಬ್ಯಾಗಿನಲ್ಲಿ ಸಿಗುವಷ್ಟು ದೊಡ್ಡದಲ್ಲ ಹುಡುಗರು ‘ಸಾಧನ’ ಅನ್ನುವ ಈಗಿನ ಮಾಲು. ಎಂಡಿಎಂಎ ಎಂಬ ಅಮಲಿನ ಪುಡಿಯಲ್ಲಿ ಕಾನೂನು ‘ಸಣ್ಣ ಪ್ರಮಾಣ’ ಅನ್ನುವುದು ಅರ್ಧ ಗ್ರಾಮಿನವರೆಗೆ ಮಾತ್ರ. ಹತ್ತು ಗ್ರಾಮ್ ದಾಟಿದರೆ ಅದು ‘ವಾಣಿಜ್ಯ ಪ್ರಮಾಣ’, ಕನಿಷ್ಠ ಹತ್ತು ವರ್ಷ ಜೈಲು. ಗಾಂಜಾದ ಲೆಕ್ಕ ಬೇರೆ, ಒಂದು ಕೆ.ಜಿ.ಯವರೆಗೆ ಸಣ್ಣದು, 20 ಕೆ.ಜಿ. ದಾಟಿದರೆ ದೊಡ್ಡದು. ಗಾಂಜಾ ನೋಡಿ ಅಭ್ಯಾಸ ಆದ ಹುಡುಗರಿಗೆ ಈ ವ್ಯತ್ಯಾಸ ಗೊತ್ತಿಲ್ಲ. ರಜೆಗೆ ಬೆಂಗಳೂರಿನಿಂದ ಬರುವಾಗ "ನನಗೂ ಸ್ವಲ್ಪ ತಾ" ಅಂದ ಗೆಳೆಯನಿಗೆ ಒಂದು ಚಿಟಿಕೆ ತಂದವನು ತಾನು ಉಪಕಾರ ಮಾಡಿದೆ ಅಂದುಕೊಂಡಿರುತ್ತಾನೆ. ಕಾಸು ಮುಟ್ಟದಿದ್ದರೂ ಕಾನೂನಿನ ಕಣ್ಣಿಗೆ ಅವನು ಸಾಗಿಸಿದವನು. ಇದನ್ನು ಹೆದರಿಸುವ ದನಿಯಲ್ಲಿ ಹೇಳಬೇಕಿಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದರೆ ಸಾಕು, ಕಿವಿ ಕೊಡುತ್ತಾರೆ.

ಹೆದರಿಸುವುದರಿಂದ ಏನಾಗುತ್ತದೆ ಅನ್ನುವುದು ಅಮೆರಿಕದವರು ದುಬಾರಿ ಬೆಲೆಗೆ ಕಲಿತ ವಿಷಯ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ಕ್ಲಾಸಿಗೆ ಬಂದು ಬೇಡ ಅನ್ನುವುದು ಹೇಗೆ ಅಂತ ಕಲಿಸುತ್ತಿದ್ದರು. ದೇಶವಿಡೀ ಹಬ್ಬಿತು. ಆಮೇಲೆ ಅಧ್ಯಯನ ಮಾಡಿ ನೋಡಿದರೆ, ಆ ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನಮ್ಮ ಬ್ಯಾನರು, ಜಾಥೆ, ಪ್ರತಿಜ್ಞೆ ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಅಲ್ಲಿಯದ್ದೇ ಇನ್ನೊಂದು ಅಧ್ಯಯನ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ವೆಸ್ಲಿ ಪರ್ಕಿನ್ಸ್, ಅಲನ್ ಬರ್ಕೊವಿಟ್ಜ್ ಎಂಬ ಇಬ್ಬರು 1986ರಲ್ಲಿ ಒಂದು ಸಂಗತಿ ತೋರಿಸಿದರು. ತಮ್ಮ ಸಹಪಾಠಿಗಳು ಕುಡಿತವನ್ನು ಎಷ್ಟು ಒಪ್ಪುತ್ತಾರೆ ಅಂತ ವಿದ್ಯಾರ್ಥಿಗಳು ಊಹಿಸುತ್ತಾರೋ, ನಿಜಕ್ಕೂ ಅಷ್ಟು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ‘ನಾನೊಬ್ಬನೇ ಹೀಗೆ, ಉಳಿದವರಿಗೆಲ್ಲ ಇದು ಮಾಮೂಲು’ ಅಂದುಕೊಂಡಿರುತ್ತಾನೆ. ಆ ‘ಉಳಿದವರ’ ಜೊತೆ ಸೇರಲೆಂದೇ ಗ್ಲಾಸು ಹಿಡಿಯುತ್ತಾನೆ. ಇದನ್ನು ಓದಿ ನಾನು ಒಂದು ಕ್ಲಾಸಿನಲ್ಲಿ ಹೆಸರಿಲ್ಲದ ಚೀಟಿ ಬರೆಸಿದೆ. ಎರಡೇ ಪ್ರಶ್ನೆ. ಕಳೆದ ತಿಂಗಳು ನೀನು ಕುಡಿದಿದ್ದೀಯಾ? ಈ ಕ್ಲಾಸಿನಲ್ಲಿ ಎಷ್ಟು ಜನ ಕುಡಿದಿರಬಹುದು? ಎರಡನೆಯದಕ್ಕೆ ‘ಅರ್ಧ ಕ್ಲಾಸು’, ‘ಮುಕ್ಕಾಲು ಕ್ಲಾಸು’, ಒಬ್ಬ ಮಹಾಶಯ ‘ನನ್ನನ್ನು ಬಿಟ್ಟು ಎಲ್ಲರೂ’ ಅಂತ ಬರೆದಿದ್ದ. ಮೊದಲನೆಯದಕ್ಕೆ ಹೌದು ಅಂದ ಚೀಟಿಗಳನ್ನು ಒಂದು ಕೈಯ ಬೆರಳಲ್ಲೇ ಎಣಿಸಿ ಮುಗಿಸಿದೆ. ಕೆಲವರು ಸುಳ್ಳು ಬರೆದಿರಬಹುದು, ಇರಲಿ. ನಾನು ಎರಡನ್ನೂ ಜೋರಾಗಿ ಓದಿದೆ. ಕ್ಲಾಸಿನಲ್ಲಿ ಒಂದು ಥರದ ಗಲಿಬಿಲಿ. ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಗಂಟೆಯ ಭಾಷಣಕ್ಕೆ ಬಾರದ ಮೌನ ಅದು. ಉಪನ್ಯಾಸ ಕೊಡದೆ ಯಕ್ಷಗಾನದ ಪಾಠಕ್ಕೆ ಇಳಿದೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನ ಪಕ್ಕದಲ್ಲೇ ಇದ್ದು ಚೆಂಡೆಯ ಸದ್ದು ಕೇಳದ ಹಾಸ್ಟೆಲ್ ನಮ್ಮದು ಅಂತ ನನಗೆ ಮೊದಲಿಂದಲೂ ಬೇಸರ ಇತ್ತು. ಆ ವರ್ಷ ಸಂಜೆ ಒಂದು ತಾಳಮದ್ದಳೆ ಕೂಟ ಶುರು ಮಾಡಿದೆವು. ಐದು ಜನ ಬಂದರು, ಮಳೆಗಾಲದಲ್ಲಿ ಮೂರಾಯಿತು. ಅದರಿಂದ ಯಾರಾದರೂ ಕುಡಿತ ಬಿಟ್ಟರು ಅಂತ ಹೇಳಲಾರೆ. ಸಂಜೆ ಆರರಿಂದ ಎಂಟರವರೆಗೆ ಆ ಮೂವರು ಎಲ್ಲಿದ್ದರು ಅಂತ ಮಾತ್ರ ನನಗೆ ಗೊತ್ತಿತ್ತು.

ವಾರಕ್ಕೊಮ್ಮೆ ಕೌನ್ಸೆಲರ್ ಬರುತ್ತಿದ್ದರು. ಒಳ್ಳೆಯ ಹೆಂಗಸು, ತಾಳ್ಮೆಯವರು, ಕಣ್ಣೂರಿನವರು. ಒಂದು ದಿನ ನನ್ನ ಹತ್ತಿರ ಬಂದು, ನಿಮ್ಮ ಕನ್ನಡದ ಮಕ್ಕಳು ಬಹಳ ಗಟ್ಟಿ, ಯಾರಿಗೂ ಏನೂ ತೊಂದರೆ ಇಲ್ಲ ಅನ್ನುತ್ತಾರೆ ಅಂದರು. ಗಟ್ಟಿ ಅಲ್ಲ ಟೀಚರೇ, ಶಬ್ದ ಇಲ್ಲ ಅಂದೆ. ಮಲಯಾಳದಲ್ಲಿ ‘ಕುಳಪ್ಪ ಇಲ್ಲ’, ಅಂದರೆ ತೊಂದರೆ ಇಲ್ಲ, ಅನ್ನಲು ಎಲ್ಲರಿಗೂ ಬರುತ್ತದೆ. ಏನು ಕುಳಪ್ಪ ಅಂತ ಬಿಡಿಸಿ ಹೇಳಲು ಮನೆಮಾತೇ ಬೇಕು. ಮುಂದಿನ ವಾರದಿಂದ ತುಳು, ಕನ್ನಡ ಬರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರ ಜೊತೆ ಕೂರತೊಡಗಿದಳು. ಕೋಣೆಯ ಹೊರಗೆ ಎರಡು ಜೋಡಿ ಚಪ್ಪಲಿ ಕಂಡಿತು. ಹೆಚ್ಚೇನಲ್ಲ, ಎರಡೇ.

2019ರಲ್ಲಿ ದೆಹಲಿಯ ಏಮ್ಸ್‌ನವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ ಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆಯಂತೆ. ಉಳಿದ 37 ಜನ ಎಲ್ಲಿ ಅಂತ ಕೇಳಿದರೆ ಅಕ್ಕನಿಗೆ ಗೊತ್ತು. ಯಾರೋ ಅವರನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಿರುತ್ತಾರೆ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಮುಂದಿನ ಕೆಲವು ದಿನಗಳಲ್ಲಿ ಫಿಟ್ಸು, ಇಲ್ಲದ್ದೆಲ್ಲ ಕಾಣುವುದು ಆಗಬಹುದು, ಅದಕ್ಕೆ ಡಾಕ್ಟರು ಬೇಕು ಅಂತಲೂ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ‘ಬಿಡಿಸಲು ಕೋಣೆಯಲ್ಲಿ ಹಾಕಿ ಬೀಗ ಹಾಕಿದೆವು’ ಅನ್ನುವವರಿದ್ದಾರೆ. ವ್ಯಸನ ಬಿಡಲು ನೆರವು ಕೇಳುವ ಉಚಿತ ಫೋನ್ ನಂಬರುಗಳನ್ನು, ಕೇಂದ್ರ ಸರ್ಕಾರದ 14446, ಕೇರಳದ ವ್ಯಸನಮುಕ್ತಿ ಅಭಿಯಾನ ‘ವಿಮುಕ್ತಿ’ಯ 14405, ಈಗ ನಮ್ಮ ಮೆಸ್ಸಿನ ಗೋಡೆಗೆ ಬರೆಸಿದ್ದೇವೆ. ಅದರ ಕೆಳಗೆ ಇನ್ನೊಂದು ಸಾಲು. ಮಾದಕ ವಸ್ತು ಕಾನೂನಿನ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಇರುವ ಚಿಕಿತ್ಸೆಗೆ ಹೋದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಈ ಸಾಲನ್ನು ಮಾತ್ರ ಹುಡುಗರು ನಿಂತು ಎರಡು ಸಲ ಓದುವುದನ್ನು ನೋಡಿದ್ದೇನೆ.

ಗೆಳೆಯನಿಗೆ ಹುಷಾರಿಲ್ಲ ಅಂತ ಕರೆದವನಿಗೆ ಶಿಕ್ಷೆ ಇಲ್ಲ ಅನ್ನುವ ನಿಯಮ ಬೇಕು ಅಂತ ನಾನು ಮೂರು ಮೀಟಿಂಗಿನಲ್ಲಿ ಹೇಳಿದೆ. ಬಾಯಿ ಮಾತಿನಲ್ಲಿ ಒಪ್ಪಿದರು. ಕಾಗದದಲ್ಲಿ ಬರೆಯಲು ಯಾರೂ ತಯಾರಿಲ್ಲ, ಕುಡಿತಕ್ಕೆ ಲೈಸೆನ್ಸ್ ಕೊಟ್ಟ ಹಾಗೆ ಆಗುತ್ತದಂತೆ. ಹಾಗಾಗಿ ಅದು ಈಗಲೂ ನನ್ನ ಬಾಯಲ್ಲಿ ಮಾತ್ರ ಇದೆ. ವರ್ಷದ ಮೊದಲ ದಿನ ಹೊಸ ಹುಡುಗರಿಗೆ ಹೇಳುತ್ತೇನೆ. ಅವರು ನಂಬುತ್ತಾರೋ ಇಲ್ಲವೋ ಒಂದು ರಾತ್ರಿ ಬಂದಾಗಲೇ ಗೊತ್ತಾಗಬೇಕು.

ಅಕ್ಕ ಹೋದ ವರ್ಷ ಕೆಲಸ ಬಿಟ್ಟರು, ಮಂಡಿ ನೋವು. ಈಗಿನ ಅಡುಗೆಯವರು ಕೈ ರುಚಿಯವರು, ಆದರೆ ತಟ್ಟೆ ಎಣಿಸುವುದಿಲ್ಲ. ಆ ಕೆಲಸ ನನಗೆ ಬಂದಿದೆ. ನಾನು ಅಕ್ಕನಷ್ಟು ಚುರುಕಲ್ಲ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೊನ್ನೆ ಮೂರು ರಾತ್ರಿ ಸತತವಾಗಿ ಒಂದೇ ತಟ್ಟೆ ಉಳಿಯಿತು. ನೀಲೇಶ್ವರದ ಕಡೆಯ ಹುಡುಗ, ಮೊದಲ ವರ್ಷ. ಕನ್ನಡ ಒಂದಕ್ಷರ ಬಾರದು. ನನ್ನ ಮಲಯಾಳವೋ, ಬಸ್ ಕಂಡಕ್ಟರ್ ಕೂಡ ನಗುವಂಥದ್ದು. ಮೆಟ್ಟಿಲು ಹತ್ತುವಾಗ ವಾಕ್ಯ ಜೋಡಿಸಿಕೊಂಡೆ, ಬಾಗಿಲು ತಟ್ಟುವಷ್ಟರಲ್ಲಿ ಮರೆತೂ ಹೋಯಿತು. ಕೊನೆಗೆ ಅಕ್ಕನ ಅದೇ ಊಟದ ಪ್ರಶ್ನೆ, ಮೀನು ಮಾರುಕಟ್ಟೆಯಲ್ಲಿ ಕೇಳಿ ಕಲಿತ ಮಾತಿನಲ್ಲೇ ಬಾಯಿಗೆ ಬಂತು.

"ಚೋರ್ ಬೆಯ್ಚಾ ಮೋನೇ?"

ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು ತಡೆದುಕೊಂಡ ಸದ್ದು. ಚಿಲಕ ತೆಗೆದ.